ಶ್ರುತಿಯನ್ನು ಶೋಧಿಸುವ ಯಂತ್ರ



ಈ ದಿನ ನಾವು ಮಾತನಾಡಬೇಕೆಂದಿರುವ ವಿಷಯವು ಹೆಸರಿನಿಂದ ಕೊಂಚ ಕಠಿನವಾಗಿ ತೋರಬಹುದು. ಶಬ್ದವನ್ನು ವಿದ್ಯುತ್ತಿನ ರೂಪಕ್ಕೆ ತಂದು, ಅದರಲ್ಲಿ ಬೇಕಾದ ಅಂಶವನ್ನು ಉಳಿಸಿಕೊಂಡು ಬೇಡವಾದುದನ್ನು ತಡೆಯುವ ಉಪಕರಣಕ್ಕೆ ಫಿಲ್ಟರು ಎಂದು ಹೆಸರು. ಹಾಲನ್ನೂ ಕಷಾಯವನ್ನೂ ಶೋಧಿಸುವುದು ನಮ್ಮ ಮನೆಗಳಲ್ಲಿ ದಿನನಿತ್ಯದ ಕೆಲಸವಾದ್ದರಿಂದ ಇದನ್ನು ನಾವು ಶೋಧಕವೆಂದು ಕರೆಯೋಣ. ಈ ಶೋಧಕದ ತಡೆಯ ಎಲ್ಲೆಯನ್ನು ಕೈಯಿಂದ ತಿರುಗಿಸದೆ, ಮತ್ತೊಂದು ವಿದ್ಯುತ್ತಿನ ಒತ್ತಡದಿಂದ, ಎಂದರೆ ವೋಲ್ಟೇಜಿನಿಂದ, ಮೇಲಕ್ಕೂ ಕೆಳಕ್ಕೂ ಸರಿಸುವಂತೆ ರಚಿಸಬಹುದು. ಹಾಗೆ ರಚಿಸುವ ಬಗೆ ಯಾವುದು, ಅದನ್ನು ನಮ್ಮ ಕಡಲ ಕರೆಯ ಊರುಗಳಲ್ಲಿ ಬಳಸಬೇಕಾದರೆ ಏನೇನನ್ನು ಗಮನಿಸಬೇಕು ಎಂಬುದೇ ಇಂದಿನ ಪ್ರಸ್ತಾಪ.

ಕಡಲ ಕರೆಯೆಂದು ನಾವು ಹೇಳುವುದು ಭಟ್ಕಳ, ಹೊನ್ನಾವರ, ಕುಮಟೆಗಳ ಸೀಮೆಯನ್ನು ಕುರಿತು. ಅದು ಬಡಗುತಿಟ್ಟಿನ ಯಕ್ಷಗಾನದ ನೆಲೆ. ಹೊನ್ನಾವರದ ಬಳಿಯ ಕೆರೆಮನೆಯಲ್ಲಿ ಶಿವರಾಮ ಹೆಗಡೆಯವರು ೧೯೩೪ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಸ್ಥಾಪಿಸಿದುದು ಹಲವರಿಗೆ ತಿಳಿದ ಸಂಗತಿ. ಆಟವನ್ನು ನೋಡಿದವರಿಗೆ ಇನ್ನೊಂದು ಸಂಗತಿಯೂ ತಿಳಿದಿರುತ್ತದೆ. ಕರುಣರಸದ ಪದ್ಯದಲ್ಲಿ ಭಾಗವತರ ಕಂಠ, ಮದ್ದಲೆ, ಶ್ರುತಿ ಈ ಮೂರೂ ಒಂದಾಗಿ ಕೇಳುತ್ತವೆ. ಯುದ್ಧದ ಸನ್ನಿವೇಶ ಬಂದು ಚಂಡೆ ಮೊರೆಯಲಾರಂಭಿಸಿತೆಂದರೆ ಶ್ರುತಿಯು ಆ ಮೊರೆತದೊಳಗೆ ಮುಳುಗಿಹೋಗುತ್ತದೆ. ಆಗಲೂ ಭಾಗವತರು ಏರುಸ್ಥಾಯಿಯಲ್ಲಿ ಹಾಡಬೇಕು. ಆಧಾರವಾದ ಷಡ್ಜವು ಕಿವಿಗೆ ಬೀಳದಿದ್ದರೂ ಅದನ್ನು ಬಿಡುವಂತಿಲ್ಲ. ಹಿಂದೆ ಹಾರ್ಮೋನಿಯಮ್ಮಿನಂತೆ ತಿದಿಯಿಂದ ಊದುವ ಶ್ರುತಿಪೆಟ್ಟಿಗೆಯಿದ್ದಿತು. ಬೆಂಗಳೂರಿನ ಎಂಜಿನಿಯರಾದ ಜಿ. ರಾಜನಾರಾಯಣರಂಥವರು ೧೯೭೦ರ ದಶಕದಿಂದ ವಿದ್ಯುತ್ ಶ್ರುತಿಪೆಟ್ಟಿಗೆಯನ್ನು ಬಳಕೆಗೆ ತಂದ ಮೇಲೆ ಊದುವ ಶ್ರಮ ತಪ್ಪಿತು. ಆದರೆ ಚಂಡೆಯ ಮುಂದೆ ಶ್ರುತಿ ಮುಳುಗುವುದು ತಪ್ಪಲಿಲ್ಲ.

ಧ್ವನಿವರ್ಧಕವಿದೆಯಲ್ಲ, ಶ್ರುತಿಯ ಸದ್ದನ್ನು ಹೆಚ್ಚಿಸಿದರೆ ಸಾಲದೆ ಎಂದು ಕೇಳಬಹುದು. ಹೆಚ್ಚಿಸಿದರೆ ಎರಡು ತೊಂದರೆಗಳುಂಟು. ಶ್ರುತಿಯ ಕೆಳಗಿನ ಕಂಪನಗಳು ದಪ್ಪಗಾಗಿ ಭಾಗವತರ ಸಾಹಿತ್ಯವನ್ನೇ ಮಸುಕು ಮಾಡುತ್ತವೆ. ಅದೂ ಅಲ್ಲದೆ, ಮೈಕು ಕೂಗಲು ತೊಡಗುತ್ತದೆ. ಕಿವಿಗೆ ಬೇಕಾದುದು ಹೆಚ್ಚು ಸದ್ದಲ್ಲ, ಹೆಚ್ಚು ಗುರುತು. ಈ ಗುರುತನ್ನು ಕೊಡುವ ಕೆಲಸವನ್ನು ಶೋಧಕವು ಮಾಡಬಲ್ಲುದೆಂದು ನಾವು ತಿಳಿದಿದ್ದೇವೆ. ಹೇಗೆಂಬುದನ್ನು ಮೊದಲಿನಿಂದ ನೋಡೋಣ.

ಒಂದು ತಂತಿಯನ್ನಾಗಲಿ ನಾಲಗೆಯನ್ನಾಗಲಿ ಮಿಡಿದಾಗ ಹುಟ್ಟುವುದು ಒಂದೇ ಕಂಪನವಲ್ಲ. ಲೆಕ್ಕದ ಅನುಕೂಲಕ್ಕಾಗಿ ನಮ್ಮ ಷಡ್ಜವು ಸೆಕೆಂಡಿಗೆ ೨೦೦ ಕಂಪನಗಳದ್ದೆಂದು ಇಟ್ಟುಕೊಂಡರೆ, ಅದರೊಡನೆ ೪೦೦, ೬೦೦, ೮೦೦, ೧,೦೦೦ ಹೀಗೆ ಮೇಲುಮೇಲಿನ ಕಂಪನಗಳೂ ಹುಟ್ಟುತ್ತವೆ. ಇವನ್ನು ಉಪಸ್ವರಗಳೆನ್ನುವರು. ಇವುಗಳಲ್ಲಿ ೪೦೦ ಮೇಲಿನ ಷಡ್ಜ, ೬೦೦ ಪಂಚಮ, ೮೦೦ ಮತ್ತೆ ಷಡ್ಜ, ೧,೦೦೦ ಅಂತರಗಾಂಧಾರ. ತಂಬೂರಿಯನ್ನು ಚೆನ್ನಾಗಿ ಮೇಳವಿಸಿದಾಗ ಯಾರೂ ಮಿಡಿಯದಿದ್ದರೂ ತಾನಾಗಿ ಕೇಳುವ ಗಾಂಧಾರವು ಇದೇ. ಯಾವ ಉಪಸ್ವರ ಎಷ್ಟು ಬಲವಾಗಿದೆಯೆಂಬುದರ ಮೇಲೆ ವೀಣೆ ವೀಣೆಯಾಗಿಯೂ ಕೊಳಲು ಕೊಳಲಾಗಿಯೂ ಕೇಳುತ್ತದೆ.

ಉಪಸ್ವರಗಳನ್ನು ಆಯ್ದುಕೊಳ್ಳುವ ಶೋಧಕವನ್ನು ನಾವೆಲ್ಲರೂ ಹುಟ್ಟಿನಿಂದಲೇ ಪಡೆದಿದ್ದೇವೆ. ಅದು ನಮ್ಮ ಬಾಯಿ. ಗಂಟಲಿನಲ್ಲಿ ಹುಟ್ಟುವ ದನಿ ಒಂದೇ ಆಗಿದ್ದರೂ ನಾಲಗೆ ತುಟಿಗಳು ರೂಪ ಬದಲಿಸಿದಂತೆ ಅದು ‘ಊ’ ಎಂದೋ ‘ಈ’ ಎಂದೋ ಕೇಳುತ್ತದೆ. ಗಂಡುದನಿಯಲ್ಲಿ ಎರಡು ಸ್ವರಗಳಿಗೂ ಸುಮಾರು ೩೦೦ ಕಂಪನದ ಬಳಿ ಒಂದು ಅನುರಣನವಿರುತ್ತದೆ. ಎರಡನೆಯ ಅನುರಣನವು ‘ಊ’ಕಾರದಲ್ಲಿ ೮೦೦ರ ಆಸುಪಾಸಿನಲ್ಲಿಯೂ ‘ಈ’ಕಾರದಲ್ಲಿ ೨,೨೦೦ರ ಆಸುಪಾಸಿನಲ್ಲಿಯೂ ಇರುತ್ತದೆ. ಇಷ್ಟೇ ವ್ಯತ್ಯಾಸ. ‘ಊ’ ಎಂಬಲ್ಲಿಂದ ‘ಈ’ ಎಂಬಲ್ಲಿಗೆ ಮೆಲ್ಲನೆ ಜಾರಿ ನೋಡಿದವರು ಚಲಿಸುವ ಶೋಧಕವೊಂದನ್ನು ಕೇಳಿದಂತಾಯಿತು.

ವಾದ್ಯಗಳಲ್ಲಿಯೂ ಇಂಥ ಜಾಣ್ಮೆಯುಂಟು. ಸಾಮಾನ್ಯವಾದ ಚರ್ಮದ ಮುಚ್ಚಿಗೆಯನ್ನು ಹೊಡೆದರೆ ಬರುವ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಮೃದಂಗದ ಮುಖದ ನಡುವೆ ಕರಣೆಯನ್ನು ಮೆತ್ತಿದುದರಿಂದ ಅವು ಎರಡು, ಮೂರು, ನಾಲ್ಕು, ಐದು ಮಡಿಯ ಸಾಲಿಗೆ ಬರುತ್ತವೆಂಬುದನ್ನು ಸರ್ ಸಿ. ವಿ. ರಾಮನ್ನರು ೧೯೨೦ರಲ್ಲಿ ಶಿವಕಾಲಿ ಕುಮಾರರೊಡನೆ ಬರೆದ ಲೇಖನದಲ್ಲಿ ತಿಳಿಸಿ, ೧೯೩೪ರಲ್ಲಿ ಬೆಂಗಳೂರಿನಿಂದ ಪ್ರಕಟಿಸಿದ ಲೇಖನದಲ್ಲಿ ವಿಸ್ತಾರವಾಗಿ ವಿವರಿಸಿದರು. ಕರಣೆಯುಳ್ಳ ಮದ್ದಲೆಗೂ ಈ ತತ್ತ್ವವು ಸಲ್ಲುತ್ತದೆ. ಬೇಕಾದ ಕಂಪನವನ್ನು ಬೆಳೆಸಿ ಬೇಡದುದನ್ನು ಅಡಗಿಸುವುದು ನಮ್ಮ ಕುಶಲಕರ್ಮಿಗಳಿಗೆ ಹೊಸದಲ್ಲವೆಂದು ಇದರಿಂದ ಸ್ಪಷ್ಟವಾಗುತ್ತದೆ.

ಈಗ ವಿದ್ಯುತ್ತಿನ ಶೋಧಕಕ್ಕೆ ಬರೋಣ. ಆಕಾಶವಾಣಿಯಲ್ಲಿ ಚಿತ್ರ ಬರೆದು ತೋರಿಸುವ ಅನುಕೂಲವಿಲ್ಲವಾದ್ದರಿಂದ ಕುಮಟೆಯ ಕಡೆಯ ಒಂದು ದೃಶ್ಯವನ್ನು ನೆನಪಿಗೆ ತರುತ್ತೇವೆ. ಅಘನಾಶಿನಿಯು ಕಡಲನ್ನು ಸೇರುವೆಡೆಯಲ್ಲಿ ಗಜನಿಗಳೆಂಬ ತಗ್ಗು ಗದ್ದೆಗಳಿವೆ. ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗವೆಂಬ ಬತ್ತವನ್ನು ಅಲ್ಲಿ ಬೆಳೆಯುತ್ತಾರೆ. ಗದ್ದೆಗೂ ಹೊಳೆಗೂ ನಡುವೆ ಕಟ್ಟೆ. ಕಟ್ಟೆಯಲ್ಲಿ ನೀರು ಹೋಗಿಬರಲು ತೂಬು. ಅಂಥ ಒಂದು ತೂಬಿನಲ್ಲಿ ಕಿರಿದಾದ ಕಂಡಿಯೊಂದನ್ನು ಮಾತ್ರ ತೆರೆದಿಟ್ಟಿದೆಯೆಂದು ಭಾವಿಸಿ. ಹೊರಗಡೆ ಕೆಲವೇ ಸೆಕೆಂಡುಗಳಿಗೊಂದರಂತೆ ಅಲೆಗಳು ಬಡಿಯುತ್ತಿವೆ. ಸುಮಾರು ೧೨ ಗಂಟೆ ೨೫ ನಿಮಿಷಕ್ಕೊಮ್ಮೆ ಭರತ ಬಂದು ಇಳಿಯುತ್ತಿದೆ. ಗದ್ದೆಯೊಳಗಿನ ನೀರು ಭರತದೊಡನೆ ಏರುತ್ತದೆ, ಇಳಿತದೊಡನೆ ಇಳಿಯುತ್ತದೆ. ಆದರೆ ಅಲೆಗಳ ಸುಳಿವೇ ಅಲ್ಲಿ ಕಾಣದು. ಒಂದು ಅಲೆಯಿಂದ ಕಂಡಿಯಲ್ಲಿ ಸ್ವಲ್ಪ ನೀರು ನುಗ್ಗುವಷ್ಟರಲ್ಲಿ ಆ ಅಲೆಯೇ ಹಿಂದೆಗೆದಿರುತ್ತದೆ. ನಿಧಾನವಾದುದು ಒಳಗೆ ಬಂತು, ಚುರುಕಾದುದು ಹೊರಗುಳಿಯಿತು. ಇದೇ ಕೆಳಗಿನ ಕಂಪನಗಳನ್ನು ಬಿಟ್ಟು ಮೇಲಿನವನ್ನು ತಡೆಯುವ ಶೋಧಕ.

ವಿದ್ಯುತ್ತಿನಲ್ಲಿ ಕಂಡಿಯ ಸ್ಥಾನದಲ್ಲಿ ರೆಸಿಸ್ಟರು, ಗದ್ದೆಯ ಸ್ಥಾನದಲ್ಲಿ ಕೆಪ್ಯಾಸಿಟರು. ರೆಸಿಸ್ಟರಿನ ಓಮುಗಳನ್ನೂ ಕೆಪ್ಯಾಸಿಟರಿನ ಫ್ಯಾರಡುಗಳನ್ನೂ ಗುಣಿಸಿ, ಬಂದುದನ್ನು ವೃತ್ತದ ಗಣಿತದಲ್ಲಿ ಬರುವ ‘ಪೈ’ಯ ಎರಡರಷ್ಟರಿಂದ ಮತ್ತೆ ಗುಣಿಸಿ, ಆ ಮೊತ್ತದಿಂದ ಒಂದನ್ನು ಭಾಗಿಸಿದರೆ ತಡೆಯ ಎಲ್ಲೆಯು ದೊರೆಯುತ್ತದೆ. ೧೦,೦೦೦ ಓಮಿನ ರೆಸಿಸ್ಟರು, ೦.೦೧ ಮೈಕ್ರೋಫ್ಯಾರಡಿನ ಕೆಪ್ಯಾಸಿಟರು ಸೇರಿದರೆ ಎಲ್ಲೆಯು ಸೆಕೆಂಡಿಗೆ ಸುಮಾರು ೧,೫೯೦ ಕಂಪನ. ಎಲ್ಲೆಯನ್ನು ದಾಟಿದ ಮೇಲೆ ಕಂಪನವು ಇಮ್ಮಡಿಯಾದಂತೆಲ್ಲ ಅದರ ಪ್ರಮಾಣ ಅರ್ಧಕ್ಕಿಳಿಯುತ್ತ ಹೋಗುತ್ತದೆ. ಒಂದು ಗಜನಿಯ ಹಿಂದೆ ಇನ್ನೊಂದು, ಹೀಗೆ ನಾಲ್ಕನ್ನು ಸಾಲಾಗಿ ಕಟ್ಟಿದರೆ ಪ್ರತಿಯೊಂದು ಇಮ್ಮಡಿಗೂ ಅದು ಹದಿನಾರರಲ್ಲೊಂದು ಪಾಲಿಗೆ ಇಳಿಯುತ್ತದೆ.

ಕಂಡಿಯನ್ನು ಹಿರಿದು ಮಾಡಿದರೆ ಎಲ್ಲೆ ಮೇಲಕ್ಕೇರುತ್ತದೆ, ಕಿರಿದು ಮಾಡಿದರೆ ಇಳಿಯುತ್ತದೆ. ಹಳೆಯ ರೇಡಿಯೋಗಳಲ್ಲಿ ‘ಟೋನ್’ ಎಂಬ ತಿರುಗಣೆಯಿರುತ್ತಿದ್ದಿತಷ್ಟೆ. ಅದು ಕೈಯಿಂದ ಕಂಡಿಯನ್ನು ಹಿರಿದು ಕಿರಿದು ಮಾಡುವ ಉಪಾಯ. ಆದರೆ ಚಂಡೆಯ ಗತಿಗೆ ಕೈ ತಿರುಗಿಸುವವರಾರು? ವೋಲ್ಟೇಜಿನ ಆಳ್ವಿಕೆ ಬೇಕಾಗುವುದು ಇಲ್ಲಿಯೇ.

ಇಲ್ಲಿ ಕಿವಿಯ ಒಂದು ಧರ್ಮವನ್ನು ಗಮನಿಸಬೇಕು. ೨೦೦ರಿಂದ ೪೦೦ಕ್ಕೆ ಏರಿದರೆ ಕಿವಿಯು ಅದನ್ನು ಒಂದು ಸ್ಥಾಯಿಯೆನ್ನುತ್ತದೆ. ೪೦೦ರಿಂದ ೬೦೦ಕ್ಕೆ ಏರಿದರೆ ಏರಿಕೆ ಅದೇ ೨೦೦ ಆದರೂ ಅದು ಪಂಚಮವಷ್ಟೆ. ಮುಂದಿನ ಸ್ಥಾಯಿಗೆ ೮೦೦ ಆಗಬೇಕು. ಕಿವಿಗೆ ಕೂಡುವ ಲೆಕ್ಕ ತಿಳಿಯದು, ಗುಣಿಸುವ ಲೆಕ್ಕ ತಿಳಿಯುತ್ತದೆ. ಆದ್ದರಿಂದ ನಾವು ಒಂದೊಂದು ವೋಲ್ಟನ್ನು ಕೂಡಿದಂತೆ ಶೋಧಕದ ಎಲ್ಲೆಯು ಒಂದೊಂದು ಮಡಿ ಹೆಚ್ಚಬೇಕು. ಈ ಮಾರ್ಪಾಟನ್ನು ಮಾಡಿಕೊಡುವ ಗುಣವು ಟ್ರಾನ್ಸಿಸ್ಟರಿನಲ್ಲಿ ಸಹಜವಾಗಿಯೇ ಇದೆ. ಅದರ ಬೇಸು ಎಮಿಟರುಗಳ ನಡುವಿನ ವೋಲ್ಟೇಜನ್ನು ಸುಮಾರು ೧೮ ಮಿಲಿವೋಲ್ಟಿನಷ್ಟು ಹೆಚ್ಚಿಸಿದರೆ ಹರಿಯುವ ವಿದ್ಯುತ್ತು ಇಮ್ಮಡಿಯಾಗುತ್ತದೆ. ಇನ್ನೂ ೧೮ ಹೆಚ್ಚಿಸಿದರೆ ಮತ್ತೆ ಇಮ್ಮಡಿ. ಒಂದು ವೋಲ್ಟನ್ನು ಐವತ್ತೈದು ಪಾಲು ಮಾಡಿ ಒಂದು ಪಾಲನ್ನು ಟ್ರಾನ್ಸಿಸ್ಟರಿಗೆ ಕೊಟ್ಟರೆ ವೋಲ್ಟಿಗೊಂದು ಸ್ಥಾಯಿಯೆಂಬ ನಿಯಮವು ಸಿದ್ಧವಾಯಿತು.

ಈ ಗುಣವನ್ನು ಸಂಗೀತದ ಸೇವೆಗೆ ತಂದವರಲ್ಲಿ ಅಮೆರಿಕದ ರಾಬರ್ಟ್ ಮೂಗ್ ಮುಖ್ಯರು. ಕೆರೆಮನೆ ಮಂಡಳಿ ಹುಟ್ಟಿದ ೧೯೩೪ರಲ್ಲಿಯೇ ಅವರೂ ಹುಟ್ಟಿದುದು ಕಾಕತಾಳೀಯ. ೧೯೬೪ರಲ್ಲಿ ನ್ಯೂಯಾರ್ಕಿನ ಧ್ವನಿತಂತ್ರಜ್ಞರ ಸಭೆಯಲ್ಲಿ ಅವರು ವೋಲ್ಟೇಜಿನಿಂದ ಆಳಬಹುದಾದ ವಾದ್ಯಭಾಗಗಳನ್ನು ತೋರಿಸಿದರು. ಅವರ ಶೋಧಕದಲ್ಲಿ ಟ್ರಾನ್ಸಿಸ್ಟರುಗಳು ಜೋಡಿಜೋಡಿಯಾಗಿ ಏಣಿಯ ಎರಡು ಕಾಲುಗಳಂತೆ ನಿಂತು, ನಡುವೆ ನಾಲ್ಕು ಕೆಪ್ಯಾಸಿಟರುಗಳು ಮೆಟ್ಟಿಲುಗಳಂತಿರುತ್ತವೆ. ನಾವು ಹೇಳಿದ ನಾಲ್ಕು ಗಜನಿಗಳೇ ಅವು. ಅದಕ್ಕೆ ೧೯೬೯ರಲ್ಲಿ ಪೇಟೆಂಟು ದೊರೆಯಿತು. ಅದೇ ವರ್ಷ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಮೂಗರ ಯಂತ್ರವೊಂದು ಬಂದು, ಡೇವಿಡ್ ಟ್ಯೂಡರ್ ಎಂಬ ಸಂಗೀತಗಾರರ ನೆರವಿನಿಂದ ಒಂದು ವಿದ್ಯುತ್ ಸಂಗೀತಶಾಲೆಯು ಏರ್ಪಟ್ಟು ಕೆಲವು ವರ್ಷ ನಡೆಯಿತು. ವೋಲ್ಟೇಜಿನ ಶೋಧಕವು ನಮ್ಮ ದೇಶಕ್ಕೆ ಬಂದು ಅರ್ಧ ಶತಮಾನಕ್ಕೂ ಮೀರಿತೆಂದು ಇದರಿಂದ ತಿಳಿಯುತ್ತದೆ.

ಇಷ್ಟು ಪೀಠಿಕೆಯ ಬಳಿಕ ಭಾಗವತರ ಶ್ರುತಿಗಾಗಿ ಒಂದು ಶೋಧಕವನ್ನು ರಚಿಸೋಣ. ಶ್ರುತಿಯ ಮೂಲವಾಗಿ ಗರಗಸದ ಹಲ್ಲಿನಾಕಾರದ ವಿದ್ಯುದಲೆಯನ್ನು ತೆಗೆದುಕೊಳ್ಳುತ್ತೇವೆ. ಅದರಲ್ಲಿ ಎಲ್ಲ ಉಪಸ್ವರಗಳೂ ಇರುತ್ತವೆ: ಎರಡನೆಯದು ಮೊದಲಿನದರ ಅರ್ಧ, ಮೂರನೆಯದು ಮೂರರಲ್ಲೊಂದು ಪಾಲು, ಹೀಗೆ. ಪದ್ಯವು ಮೆಲ್ಲಗೆ ಸಾಗುವಾಗ ಶೋಧಕದ ಎಲ್ಲೆ ೬೦೦ರಲ್ಲಿರಲಿ. ಆಗ ಷಡ್ಜ, ಮೇಲಿನ ಷಡ್ಜ, ಪಂಚಮಗಳು ಮಾತ್ರ ಚೆನ್ನಾಗಿ ಹಾಯ್ದು ಶ್ರುತಿಯು ಮೆತ್ತಗೆ ಕೇಳುತ್ತದೆ. ಚಂಡೆಯು ಏರಿದಂತೆಲ್ಲ ಎಲ್ಲೆಯೂ ಏರಲಿ. ಚಂಡೆಯು ಪೂರ್ಣ ಬಲದಲ್ಲಿರುವಾಗ ಮೂರು ವೋಲ್ಟು ದೊರೆಯುವಂತೆ ಮಾಡಿದರೆ ಎಲ್ಲೆಯು ಮೂರು ಸ್ಥಾಯಿ ಮೇಲಕ್ಕೆ, ೪,೮೦೦ಕ್ಕೆ, ಹೋಗುತ್ತದೆ. ಇಪ್ಪತ್ತನಾಲ್ಕನೆಯ ಉಪಸ್ವರದ ತನಕ ಬಾಗಿಲು ತೆರೆದಂತಾಯಿತು. ಕೆಳಗಿನ ಷಡ್ಜವು ಚಂಡೆಯಿಂದ ಮುಚ್ಚಿಹೋದರೂ ಮೇಲೆ ಸಮಾನ ಅಂತರದಲ್ಲಿ ನಿಂತ ಉಪಸ್ವರಗಳಿಂದ ಕಿವಿಯು ಮೂಲಷಡ್ಜವನ್ನು ಊಹಿಸಿಕೊಳ್ಳುತ್ತದೆ. ಕೇಳಿಸದ ಮೂಲವನ್ನು ಉಪಸ್ವರಗಳಿಂದ ಅರಿಯುವ ಈ ಶಕ್ತಿ ಕಿವಿಗೆ ಸಹಜವಾದುದು. ಗಟ್ಟಿ ಮಾಡದೆಯೇ ಗುರುತು ಕೊಡುವುದೆಂದರೆ ಇದು.

ಚಂಡೆಯ ಏರಿಳಿತವನ್ನು ವೋಲ್ಟೇಜಾಗಿ ಪರಿವರ್ತಿಸಲು ಚಂಡೆಯ ಬಳಿ ಒಂದು ಚಿಕ್ಕ ಮೈಕನ್ನಿಟ್ಟು, ಅದರ ಅಲೆಯನ್ನು ಏಕಮುಖ ಮಾಡಿ, ಒಂದು ಕೆಪ್ಯಾಸಿಟರಿನಲ್ಲಿ ತುಂಬಿಕೊಳ್ಳಬೇಕು. ಇದೂ ಒಂದು ಗಜನಿಯೇ. ತುಂಬುವುದು ಬೇಗನೆ, ಸೆಕೆಂಡಿನ ನೂರರಲ್ಲೊಂದು ಪಾಲಿನಲ್ಲಿ ಆಗಬೇಕು; ಬರಿದಾಗುವುದು ನಿಧಾನವಾಗಿ, ಅರ್ಧ ಸೆಕೆಂಡಿನಷ್ಟು ಹಿಡಿಯಬೇಕು. ಬೇಗ ಬರಿದಾದರೆ ಪ್ರತಿಯೊಂದು ಪೆಟ್ಟಿಗೂ ಶ್ರುತಿಯು ನಡುಗುತ್ತದೆ. ತೀರ ತಡವಾದರೆ ಚಂಡೆ ನಿಂತು ಶೋಕದ ಪದ್ಯ ಮೊದಲಾದ ಮೇಲೂ ಶ್ರುತಿ ಕಟುವಾಗಿಯೇ ಉಳಿಯುತ್ತದೆ. ಈ ಹದವನ್ನು ಲೆಕ್ಕದಿಂದ ಗೊತ್ತುಮಾಡಲು ಬಾರದು. ಭಾಗವತರ ಮುಂದೆಯೇ ಕುಳಿತು ಗೊತ್ತುಮಾಡಬೇಕು.

ಕಂಡಿಯ ಕೆಲಸಕ್ಕೆ ಎಲ್‌ಎಂ ೧೩೭೦೦ ಎಂಬ ಚಿಪ್ಪು ತಕ್ಕುದು. ಇದರಲ್ಲಿ ಎರಡು ಭಾಗಗಳಿವೆ. ನಾಲ್ಕು ಗಜನಿಗಳಿಗೆ ಎರಡು ಚಿಪ್ಪು ಸಾಕು. ಪ್ರತಿ ಭಾಗಕ್ಕೂ ನಾವು ಕೊಡುವ ಆಳ್ವಿಕೆಯ ವಿದ್ಯುತ್ತು ಹೆಚ್ಚಿದಷ್ಟೂ ಅದರ ಕಂಡಿ ಹಿರಿದಾಗುತ್ತದೆ. ಆದರೆ ಇದರ ಮುಂಬಾಗಿಲಿನಲ್ಲಿರುವ ಟ್ರಾನ್ಸಿಸ್ಟರ ಜೋಡಿಯು ಹತ್ತಿಪ್ಪತ್ತು ಮಿಲಿವೋಲ್ಟಿನ ಅಲೆಯನ್ನು ಮಾತ್ರ ವಿಕಾರವಿಲ್ಲದೆ ತೆಗೆದುಕೊಳ್ಳಬಲ್ಲುದು. ಆದಕಾರಣ ಅಲೆಯನ್ನು ಮೊದಲು ನೂರರಲ್ಲೊಂದು ಪಾಲಿಗೆ ಇಳಿಸಬೇಕು. ಬಹಳ ಇಳಿಸಿದರೆ ಚಿಪ್ಪಿನ ಸ್ವಂತ ಹಿಸ್ಸೆಂಬ ಸದ್ದು ಎದ್ದು ಕೇಳುತ್ತದೆ. ಕಡಿಮೆ ಇಳಿಸಿದರೆ ಶ್ರುತಿಯು ಒರಟಾಗುತ್ತದೆ. ಒಂದನ್ನು ಪಡೆಯಲು ಇನ್ನೊಂದನ್ನು ಬಿಡುವ ವ್ಯವಹಾರವು ರಚನೆಯಲ್ಲಿ ಹೆಜ್ಜೆಹೆಜ್ಜೆಗೂ ಬರುತ್ತದೆ.

ಕೆಪ್ಯಾಸಿಟರು ಎಷ್ಟಿರಬೇಕು? ಪುಸ್ತಕದ ರೀತಿಯಲ್ಲಿ ೧ ನ್ಯಾನೋಫ್ಯಾರಡನ್ನು ಹಿಡಿದರೆ ೧,೦೦೦ ಕಂಪನದ ಎಲ್ಲೆಗೆ ಸುಮಾರು ೩೩ ಮೈಕ್ರೋಆಂಪಿಯರಿನ ಆಳ್ವಿಕೆ ಬೇಕು; ೧೨೫ರ ಎಲ್ಲೆಗೆ ಸುಮಾರು ೪ ಸಾಕು. ಒಣಹವೆಯ ಪ್ರಯೋಗಶಾಲೆಯಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ. ಭಟ್ಕಳದಿಂದ ಕುಮಟೆಯವರೆಗಿನ ಕರೆಯಲ್ಲಿ ಹಾಗಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಸೀಮೆಯದು. ಮಳೆ ನಿಂತು ಆಟಗಳು ಆರಂಭವಾದ ಮೇಲೂ ರಾತ್ರಿಯ ಮಂಜಿನ ತೇವ, ಕಡಲ ಗಾಳಿಯ ಉಪ್ಪು ಇವೆರಡೂ ಬಿಡವು. ಉಪ್ಪಿನ ತೆಳುವಾದ ಪೊರೆಯೊಂದು ತೇವವನ್ನು ಹೀರಿಕೊಂಡು ಹಲಗೆಯ ಮೇಲೆ ವಿದ್ಯುತ್ತಿಗೆ ಕಳ್ಳದಾರಿಯನ್ನು ಮಾಡಿಕೊಡುತ್ತದೆ. ಆ ದಾರಿಯ ತಡೆ ಒಂದು ಕೋಟಿ ಓಮಿದ್ದರೂ ೧೫ ವೋಲ್ಟಿನಿಂದ ಒಂದೂವರೆ ಮೈಕ್ರೋಆಂಪಿಯರು ಅಲ್ಲಿ ಸೋರುತ್ತದೆ. ನಾವು ಕೊಟ್ಟ ೪ರ ಜೊತೆಗೆ ಕೇಳದೆ ಬಂದ ಒಂದೂವರೆ ಸೇರಿದರೆ ಎಲ್ಲೆಯು ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಮೇಲೆ ಸರಿದುಹೋಯಿತು. ಯಂತ್ರವು ಕೆಟ್ಟಿಲ್ಲ, ಒಡೆದಿಲ್ಲ, ಆದರೂ ನಂಬಲರ್ಹವಾಗಿಲ್ಲ.

ಇದಕ್ಕೆ ಪರಿಹಾರವು ಸರಳವಾದುದು. ಕೆಪ್ಯಾಸಿಟರನ್ನು ಹತ್ತುಪಟ್ಟು, ಎಂದರೆ ೧೦ ನ್ಯಾನೋಫ್ಯಾರಡ್, ಮಾಡಿದರೆ ಆಳ್ವಿಕೆಯ ವಿದ್ಯುತ್ತೂ ಹತ್ತುಪಟ್ಟಾಗುತ್ತದೆ. ೧೨೫ರ ಎಲ್ಲೆಗೆ ಈಗ ಸುಮಾರು ೪೧ ಮೈಕ್ರೋಆಂಪಿಯರು ಬೇಕು. ಅದರಲ್ಲಿ ಒಂದೂವರೆಯ ಸೋರಿಕೆ ನೂರಕ್ಕೆ ನಾಲ್ಕರೊಳಗೆ ಅಡಗುತ್ತದೆ. ಗದ್ದೆ ದೊಡ್ಡದಾದರೆ ಕಟ್ಟೆಯ ಸಣ್ಣ ಬಿರುಕಿನಿಂದ ನೀರಿನ ಮಟ್ಟ ಬದಲಾಗದೆಂಬ ಹಾಗೆ. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಈ ಚಿಪ್ಪು ೨ ಮಿಲಿಆಂಪಿಯರಿಗಿಂತ ಹೆಚ್ಚಿನ ಆಳ್ವಿಕೆಯನ್ನು ಸಹಿಸದು. ಆದ್ದರಿಂದ ಎಲ್ಲೆಯು ಸುಮಾರು ೬,೧೦೦ಕ್ಕಿಂತ ಮೇಲೇರಲಾರದು. ಎಲ್ಲ ಬಗೆಯ ವಾದ್ಯಗಳಿಗಾಗಿ ರಚಿಸುವವರು ಇದನ್ನು ಒಪ್ಪಲಾರರು. ಶ್ರುತಿಗೆ ೪,೮೦೦ ಸಾಕಾಗಿರುವುದರಿಂದ ನಾವು ಸಂತೋಷದಿಂದ ಒಪ್ಪಬಹುದು. ಇದರ ಮೇಲೆ ಹಲಗೆಯನ್ನು ಚೆನ್ನಾಗಿ ತೊಳೆದು ಮೆರುಗೆಣ್ಣೆಯ ಲೇಪ ಕೊಡುವುದು, ಮುಚ್ಚಿದ ತಿರುಗಣೆಗಳನ್ನೇ ಹಾಕುವುದು, ಜನರೇಟರಿನ ವೋಲ್ಟೇಜು ಕುಸಿದರೂ ಒಳಗಿನ ವೋಲ್ಟೇಜು ಅಲುಗದಂತೆ ನೋಡಿಕೊಳ್ಳುವುದು, ಇವು ಅವಶ್ಯವಾದ ಎಚ್ಚರಿಕೆಗಳು.

ಇನ್ನು ಶಾಖದ ಮಾತು. ಟ್ರಾನ್ಸಿಸ್ಟರಿನ ೧೮ ಮಿಲಿವೋಲ್ಟೆಂಬುದು ಸ್ಥಿರವಾದ ಅಂಕಿಯಲ್ಲ. ಉಷ್ಣತೆಯು ಒಂದು ಡಿಗ್ರಿ ಬದಲಾದರೆ ಅದೂ ನೂರಕ್ಕೆ ಮೂರರಲ್ಲೊಂದು ಪಾಲಿನಷ್ಟು ಬದಲಾಗುತ್ತದೆ. ಸಂಜೆ ೩೦ ಡಿಗ್ರಿಯಲ್ಲಿ ಸರಿಮಾಡಿಟ್ಟ ಶೋಧಕವು ಬೆಳಗಿನ ಜಾವ ೨೨ ಡಿಗ್ರಿಗೆ ಬಂದಿತೆನ್ನಿ. ೧೨೫ರಿಂದ ಮೂರು ಸ್ಥಾಯಿ ಮೇಲೆ, ೧,೦೦೦ದಲ್ಲಿ, ನಿಲ್ಲಿಸಿದ್ದ ಎಲ್ಲೆಯು ಈ ಒಂದು ಕಾರಣದಿಂದಲೇ ೧,೦೫೮ರ ಬಳಿಗೆ ಏರಿರುತ್ತದೆ. ಇದು ಹೆಚ್ಚುಕಡಿಮೆ ಒಂದು ಅರೆಸ್ವರ. ಬರಿಯ ಮೃದುತ್ವ ಕಟುತ್ವಗಳ ಪ್ರಶ್ನೆಯಾದರೆ ಇಷ್ಟು ವ್ಯತ್ಯಾಸವನ್ನು ಯಾರೂ ಗಮನಿಸಲಾರರು. ಆದರೆ ಶೋಧಕದಿಂದ ಹೊರಬಂದುದರ ಒಂದಂಶವನ್ನು ತಲೆಕೆಳಗು ಮಾಡಿ ಮರಳಿ ಒಳಕ್ಕೆ ಕೊಟ್ಟರೆ ಎಲ್ಲೆಯ ಬಳಿಯ ಕಂಪನವು ವಿಶೇಷವಾಗಿ ಉಬ್ಬುತ್ತದೆ. ನಾಲ್ಕು ಗಜನಿಗಳ ಶೋಧಕದಲ್ಲಿ ಈ ಮರುಕೊಡುಗೆ ನಾಲ್ಕರಷ್ಟಾದರೆ ಶೋಧಕವು ತಾನೇ ಹಾಡಲಾರಂಭಿಸುತ್ತದೆ. ಮೈಕು ಕೂಗುವುದಕ್ಕೂ ಇದು ಅಣ್ಣತಮ್ಮ. ಕೂಗುವುದಕ್ಕೆ ಸ್ವಲ್ಪ ಮೊದಲೇ ನಿಲ್ಲಿಸಿ, ಆ ಉಬ್ಬನ್ನು ೧,೦೦೦ದಲ್ಲಿ ಇಟ್ಟರೆ ತಂಬೂರಿಯ ಗಾಂಧಾರವು ಶ್ರುತಿಪೆಟ್ಟಿಗೆಯಿಂದಲೂ ಹೊಳೆದು ಬರುತ್ತದೆ. ಆಗ ೫೮ ಕಂಪನದ ತಪ್ಪು ಚಿಕ್ಕದಲ್ಲ. ಉಬ್ಬು ಗಾಂಧಾರವನ್ನು ಬಿಟ್ಟು ಬರಿದಾದ ಜಾಗದಲ್ಲಿ ನಿಂತಿರುತ್ತದೆ. ಸಂಜೆ ಇದ್ದ ಕಾಂತಿ ಬೆಳಗಿಗೆ ಇಲ್ಲವಾಗುತ್ತದೆ.

ಇದಕ್ಕೂ ಉಪಾಯವಿದೆ. ಒಂದು ವೋಲ್ಟನ್ನು ೧೮ ಮಿಲಿವೋಲ್ಟಿಗೆ ಇಳಿಸುವ ರೆಸಿಸ್ಟರುಗಳಲ್ಲಿ ಕೆಳಗಿನದನ್ನು, ಡಿಗ್ರಿಗೆ ಅದೇ ಮೂರರಲ್ಲೊಂದು ಪಾಲು ಹೆಚ್ಚುವ ಜಾತಿಯದಾಗಿ ಆರಿಸಿ, ಟ್ರಾನ್ಸಿಸ್ಟರಿಗೆ ತಾಗಿಸಿ ಕೂರಿಸಬೇಕು. ಟ್ರಾನ್ಸಿಸ್ಟರಿನ ಅಗತ್ಯ ಎಷ್ಟು ಬದಲಾಗುವುದೋ ಅಷ್ಟೇ ಪೂರೈಕೆಯೂ ಬದಲಾಗುತ್ತದೆ. ಒಂಟಿ ಟ್ರಾನ್ಸಿಸ್ಟರಿನ ಬದಲು ಒಂದೇ ಗುಣದ ಜೋಡಿಯನ್ನು ಬೆನ್ನಿಗೆ ಬೆನ್ನು ಹಚ್ಚಿ ಬಳಸಿದರೆ ಶಾಖದಿಂದಾಗುವ ಇನ್ನೊಂದು ದೊಡ್ಡ ಏರುಪೇರೂ ಒಂದರಿಂದೊಂದು ಕಳೆದುಹೋಗುತ್ತದೆ. ಮದ್ದಲೆಗಾರರಿಗೆ ಈ ತತ್ತ್ವ ಪರಿಚಿತವಾದುದೇ. ತೊಗಲು ಹವೆಗೆ ಸಡಿಲುವುದೆಂದು ಬಲ್ಲ ಅವರು ಬಿಡುವು ಸಿಕ್ಕಾಗ ಮುಚ್ಚಿಗೆಯ ಅಂಚನ್ನು ತಟ್ಟಿ ಶ್ರುತಿಗೆ ತರುತ್ತಾರೆ. ಹವೆಯನ್ನು ಗೆಲ್ಲಲಾಗದು, ಅದರ ಲೆಕ್ಕವನ್ನು ಮೊದಲೇ ಇಟ್ಟುಕೊಳ್ಳಬಹುದು.

ಈಗ ಒಂದು ಆಕ್ಷೇಪವನ್ನು ವಿಚಾರಿಸೋಣ. ಇಷ್ಟೆಲ್ಲ ಕೆಲಸವನ್ನು ಇಂದು ಚಿಕ್ಕದೊಂದು ಕಂಪ್ಯೂಟರು ಅಂಕಿಗಳ ಗಣಿತದಿಂದಲೇ ಮಾಡುತ್ತದೆ. ಅದಕ್ಕೆ ಶಾಖದಿಂದ ಅರೆಸ್ವರ ಜಾರುವ ಭಯವೂ ಇಲ್ಲ. ಹಾಗಿರುವಲ್ಲಿ ಟ್ರಾನ್ಸಿಸ್ಟರು ಕೆಪ್ಯಾಸಿಟರುಗಳ ಈ ಪಾಡು ಏಕೆ? ಆಕ್ಷೇಪವು ನ್ಯಾಯವಾದುದೇ. ದೊಡ್ಡ ಧ್ವನಿಶಾಲೆಗಳಲ್ಲಿ ಕಂಪ್ಯೂಟರೇ ಮೇಲೆಂದು ನಾವೂ ಒಪ್ಪುತ್ತೇವೆ. ಆದರೆ ಊರಿಂದೂರಿಗೆ ಲಾರಿಯಲ್ಲಿ ಸಾಗುವ ಮೇಳಕ್ಕೆ ಬೇಕಾದುದು ಬೇರೆ. ಮುಚ್ಚಿದ ಪೆಟ್ಟಿಗೆಯಾಗಿ ಬರುವ ಯಂತ್ರವು ನಿಂತರೆ ಅದನ್ನು ದೂರದ ನಗರಕ್ಕೆ ಕಳುಹಿಸಬೇಕು, ಇಲ್ಲವೆ ಎಸೆಯಬೇಕು. ನಾವು ವಿವರಿಸಿದ ಶೋಧಕದಲ್ಲಿ ಬೆರಳಿಗೆ ಸಿಗದ ಭಾಗವಿಲ್ಲ. ಹೊನ್ನಾವರದ ಅಥವಾ ಭಟ್ಕಳದ ರೇಡಿಯೋ ರಿಪೇರಿಯ ಅಂಗಡಿಯವರು ಒಂದು ಮಲ್ಟಿಮೀಟರು, ಒಂದು ಬೆಸುಗೆಯ ಕಡ್ಡಿ ಹಿಡಿದು ಅದನ್ನು ಎಬ್ಬಿಸಬಲ್ಲರು. ಅದಕ್ಕಿಂತ ಹೆಚ್ಚಿನ ಲಾಭವೆಂದರೆ, ಅದನ್ನು ಕಟ್ಟಿದ ವಿದ್ಯಾರ್ಥಿಗೆ ಉಪಸ್ವರವೆಂದರೇನು, ಸ್ಥಾಯಿಯೆಂದರೇನು, ಶಾಖ ತೇವಗಳು ಏನು ಮಾಡುತ್ತವೆ ಎಂಬುದು ಕಿವಿಯಿಂದಲೇ ತಿಳಿದುಬರುತ್ತದೆ. ಹೀಗೆ ತಿಳಿದವನು ಮುಂದೆ ಕಂಪ್ಯೂಟರಿನಲ್ಲಿ ಶೋಧಕವನ್ನು ಬರೆದರೂ ಅರಿತು ಬರೆಯುತ್ತಾನೆ.

ಮತ್ತೊಂದು ಮಾತನ್ನೂ ಹೇಳಬೇಕು. ಧ್ವನಿವರ್ಧಕವು ನಮ್ಮ ಕಲೆಗಳಿಗೆ ಬಂದಾಗ ಗಟ್ಟಿಯಾದುದೇ ಚೆನ್ನಾದುದೆಂಬ ಭ್ರಮೆಯನ್ನೂ ತನ್ನ ಜೊತೆಗೆ ತಂದಿತು. ಬಯಲಿನ ಕೊನೆಯ ಸಾಲಿನವರಿಗೂ ಮಾತು ಕೇಳಿಸಿದುದು ಅದರ ಉಪಕಾರ. ಚಂಡೆ, ಮದ್ದಲೆ, ಕಂಠ, ಶ್ರುತಿ ಇವುಗಳ ನಡುವಿನ ತಾರತಮ್ಯವು ಅಳಿಸತೊಡಗಿದುದು ಅದರ ಅಪಕಾರ. ಶೋಧಕವು ಕಲಿಸುವ ಪಾಠ ಇದಕ್ಕೆ ವಿರುದ್ಧವಾದುದು. ಅದು ತನ್ನಿಂದ ಯಾವ ಸ್ವರವನ್ನೂ ಸೇರಿಸುವುದಿಲ್ಲ. ಮೊದಲೇ ಇರುವುದರಲ್ಲಿ ಈ ಗಳಿಗೆಗೆ ಯಾವುದು ಬೇಕೋ ಅದಕ್ಕೆ ದಾರಿ ಬಿಟ್ಟು, ಉಳಿದುದನ್ನು ಹಿಂದಕ್ಕೆ ಸರಿಸುತ್ತದೆ. ಒಳ್ಳೆಯ ಹಿಮ್ಮೇಳದವರು ಮಾಡುವುದೂ ಇದನ್ನೇ ಅಲ್ಲವೆ?

ಕರಾವಳಿಯ ಪಾಲಿಟೆಕ್ನಿಕ್ಕುಗಳಲ್ಲಿಯೂ ಕಾಲೇಜುಗಳಲ್ಲಿಯೂ ಎಲೆಕ್ಟ್ರಾನಿಕ್ಸ್ ಓದುವ ತರುಣರು ಪ್ರತಿವರ್ಷವೂ ಪರೀಕ್ಷೆಗಾಗಿ ಏನಾದರೊಂದು ಯಂತ್ರವನ್ನು ಕಟ್ಟುತ್ತಾರೆ. ಅವರಲ್ಲಿ ಕೆಲವರಾದ್ರೂ ಈ ಶೋಧಕವನ್ನು ಕೈಗೆತ್ತಿಕೊಳ್ಳಲಿ. ಅದನ್ನು ಮೇಜಿನ ಮೇಲೆ ಒಂದು ತಾಸು ಓಡಿಸಿ ತೃಪ್ತರಾಗದೆ, ಒಂದು ಮಳೆಗಾಲವನ್ನು ಅದರಿಂದ ದಾಟಿಸಿ, ಆಮೇಲೆ ಒಬ್ಬ ಭಾಗವತರ ಬಳಿಗೆ ಒಯ್ಯಲಿ. ಎಲ್ಲೆ ಎಲ್ಲಿರಬೇಕು, ಎಷ್ಟು ಬೇಗ ಏರಬೇಕು, ಎಷ್ಟು ಮೆಲ್ಲನೆ ಇಳಿಯಬೇಕು ಎಂಬುದನ್ನು ಅವರೇ ಹೇಳಲಿ. ಲೆಕ್ಕವು ನಮ್ಮನ್ನು ಬಾಗಿಲಿನವರೆಗೆ ತಂದು ಬಿಡುತ್ತದೆ. ಅಲ್ಲಿಂದ ಮುಂದಕ್ಕೆ ನಲವತ್ತು ವರ್ಷ ಷಡ್ಜವನ್ನು ಹಿಡಿದು ಹಾಡಿದ ಕಿವಿಯೇ ಪ್ರಮಾಣ. ಆ ಕಿವಿಗೆ ಒಪ್ಪಿಗೆಯಾದ ಯಂತ್ರವು ನಮ್ಮದೆನಿಸುತ್ತದೆ.